ಓದುಗರ ಪ್ರಶ್ನೆ: ನೆಚ್ಚಿನವರ ಹೊಸ ಆಲ್ಬಂ ಸಪ್ಪೆ ಅನ್ನಿಸಿತು, ಕೆಟ್ಟಿದ್ದು ಹಾಡೋ ನನ್ನ ಕಿವಿಯೋ?

ಪ್ರಶ್ನೆ: ಹದಿನೈದು ವರ್ಷದಿಂದ ಒಬ್ಬರೇ ಸಂಗೀತ ನಿರ್ದೇಶಕರ ಅಭಿಮಾನಿ ನಾನು. ಅವರ ಹೊಸ ಆಲ್ಬಂಗಾಗಿ ಒಂದು ವರ್ಷ ಕಾದೆ. ಬಂದ ದಿನ ರಾತ್ರಿ ಊಟ ಮುಗಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತೆ. ಆರು ಹಾಡಿನಲ್ಲಿ ಒಂದೂ ಮನಸ್ಸಿಗೆ ಇಳಿಯಲಿಲ್ಲ. ಅವರ ಕೈ ಕೆಟ್ಟಿತಾ, ನನಗೇ ವಯಸ್ಸಾಯಿತಾ? ಇನ್ನೂ ಕೇಳಬೇಕಾ, ಬಿಟ್ಟುಬಿಡಬೇಕಾ? (ಮುಳಬಾಗಿಲಿನಿಂದ ಒಬ್ಬ ಓದುಗರು)

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಕಲಾವಿದರ ಹೆಸರು ಬದಲಾಗುತ್ತದೆ, ಸಂಕಟ ಅದೇ. ಕೋಲಾರದ ಕಡೆ ಒಂದೇ ಮನೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಹಾಡು ಓಡುತ್ತವೆ. ಹಾಗಾಗಿ ನಮ್ಮವರಿಗೆ ನಿರಾಸೆಯೂ ಮೂರು ಭಾಷೆಯಲ್ಲಿ ಆಗುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಮೊದಲ ರಾತ್ರಿಯ ತೀರ್ಪನ್ನು ನಂಬಬೇಡಿ. ಹಾಗಂತ ಅಭಿಮಾನದ ಹೆಸರಲ್ಲಿ ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಕೇಳುವುದೂ ಬೇಡ. ಎರಡರ ನಡುವೆ ಒಂದು ದಾರಿ ಇದೆ. ಅದು ನನಗೆ ಗೊತ್ತಾಗಿದ್ದು ಶ್ರೀನಿವಾಸಪುರದ ಹತ್ತಿರ ಒಂದು ಮಾವಿನ ತೋಟದಲ್ಲಿ.

1994ರ ಬೇಸಿಗೆ. ನಾನಾಗ ಪಿಯುಸಿ. ಕಾಯಿ ಬಲಿಯುವ ಹೊತ್ತಿಗೆ ರಾತ್ರಿ ತೋಟ ಕಾಯಬೇಕು. ಗುಡಿಸಲಲ್ಲಿ ನಾನು, ಕಾವಲಿನ ತಾತ, ಒಂದು ಲಾಟೀನು, ಒಂದು ಟೇಪ್‌ರೆಕಾರ್ಡರ್. ಅದಕ್ಕೆ ನಾಲ್ಕು ದಪ್ಪ ಸೆಲ್ ಬೇಕು. ಕೋಲಾರಕ್ಕೆ ಹೋಗಿದ್ದಾಗ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ನನ್ನ ನೆಚ್ಚಿನ ಸಂಗೀತ ನಿರ್ದೇಶಕರ ಹೊಸ ಕ್ಯಾಸೆಟ್ ಕೊಂಡೆ. 25 ರೂಪಾಯಿ. ಹಿಂದಿನ ವರ್ಷ ಆ ಸಂಗೀತ ನಿರ್ದೇಶಕರ ಒಂದು ಕ್ಯಾಸೆಟ್ಟನ್ನು ಟೇಪು ಸವೆಯುವ ತನಕ ಕೇಳಿದ್ದೆ. ಅಂಗಡಿಯವರು ಎ ಸೈಡಿನ ಮೊದಲ ಹಾಡನ್ನು ಒಂದು ನಿಮಿಷ ಹಾಕಿದರು. "ಕಣ್ಮುಚ್ಚಿಕೊಂಡು ತಗೊಂಡೋಗಪ್ಪಾ, ಈ ಸಲ ಇನ್ನೂ ಚೆನ್ನಾಗಿದೆ" ಅಂದರು. ಅವರು ಯಾವ ಕ್ಯಾಸೆಟ್ಟಿಗೂ ಬೇರೆ ಮಾತು ಹೇಳಿದ್ದು ನಾನು ಕೇಳಿಲ್ಲ.

ರಾತ್ರಿ ಹಾಕಿದೆ. ಎ ಸೈಡ್ ಮುಗಿಯಿತು, ತಿರುಗಿಸಿ ಬಿ ಸೈಡ್ ಹಾಕಿದೆ, ಅದೂ ಮುಗಿಯಿತು. ಏನೂ ಇಲ್ಲ! ಮೈ ಜುಂ ಅನ್ನಲಿಲ್ಲ, ಮತ್ತೆ ಹಾಕೋಣ ಅನ್ನಿಸಲಿಲ್ಲ. ದುಡ್ಡು ಹೋಯಿತಲ್ಲ ಅನ್ನುವ ಸಿಟ್ಟು ಒಂದು ಕಡೆ. ಆ ಸಂಗೀತ ನಿರ್ದೇಶಕರು ನನಗೆ ಮೋಸ ಮಾಡಿದರು ಅನ್ನುವ ಸಿಟ್ಟು ಇನ್ನೊಂದು ಕಡೆ. ಎರಡನೇದೇ ಜಾಸ್ತಿ.

ಆದರೆ ತೋಟದಲ್ಲಿ ಇದ್ದದ್ದು ಅದೊಂದೇ ಕ್ಯಾಸೆಟ್. ಹಳೇದು ಸಿಕ್ಕಿಕೊಂಡು ಹರಿದುಹೋಗಿತ್ತು. ಬೇಡದ ಹಾಡು ಬಂದರೆ ಫಾರ್ವರ್ಡ್ ಮಾಡೋಣ ಅಂದರೆ ಸೆಲ್ ಬೇಗ ಖಾಲಿಯಾಗುತ್ತದೆ. ಹಗಲು ಸೆಲ್‌ಗಳನ್ನು ಬಿಸಿಲಿಗಿಟ್ಟು, ರಾತ್ರಿ ಇನ್ನೊಂದಿಷ್ಟು ಹೊತ್ತು ಎಳೆಯುತ್ತಿದ್ದ ಕಾಲ ಅದು. ಸೆಲ್ ಇಳಿದಾಗ ಗಾಯಕಿಯ ದನಿ ಗಂಡಸಿನ ದನಿಯಾಗಿ, ಆಮೇಲೆ ಎಮ್ಮೆಯ ದನಿಯಾಗಿ ನಿಲ್ಲುತ್ತಿತ್ತು. ಹಾಗಾಗಿ ಸುಮ್ನೆ ಮೊದಲಿನಿಂದ ಕೊನೆಯವರೆಗೆ ಕೇಳಲೇಬೇಕು. ಕೇಳಿದೆ. ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಬಾವಿಯಿಂದ ನೀರು ಸೇದುವಾಗ ಬಾಯಲ್ಲಿ ಏನೋ ಗುನುಗು. ಯಾವ ಹಾಡು ಅಂತ ಹುಡುಕಿದರೆ ಬಿ ಸೈಡಿನ ಮೂರನೆಯದು! ಬಾದಾಮಿ ಮಾವಿನ ಕಾಯಿ ಇಳಿಸುವ ಹೊತ್ತಿಗೆ ಆ ಹಾಡಿಗೆ ಕಾಯುವಂತಾಯಿತು. ತೋತಾಪುರಿ ಮಂಡಿಗೆ ಹೋಗುವ ಹೊತ್ತಿಗೆ, ಆ ಕ್ಯಾಸೆಟ್ ಚೆನ್ನಾಗಿಲ್ಲ ಅಂದವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ.

ಕ್ಯಾಸೆಟ್ ಬದಲಾಗಲಿಲ್ಲ. ಹಾಗಾದರೆ ಆಗಿದ್ದೇನು?

ಅಮೆರಿಕದಲ್ಲಿ ರಾಬರ್ಟ್ ಝಾಯನ್ಸ್ ಅನ್ನುವ ಮನಶ್ಶಾಸ್ತ್ರಜ್ಞರು 1968ರಲ್ಲಿ ಒಂದು ಸಂಗತಿ ತೋರಿಸಿದರು. ಅರ್ಥವಿಲ್ಲದ ಪದಗಳು, ಗೊತ್ತಿಲ್ಲದ ಲಿಪಿಯ ಅಕ್ಷರದಂಥ ಗುರುತುಗಳು, ಇಂಥವನ್ನು ಜನರಿಗೆ ಮತ್ತೆ ಮತ್ತೆ ತೋರಿಸಿದರು. ಯಾವುದನ್ನು ಹೆಚ್ಚು ಸಲ ನೋಡಿದ್ದರೋ ಅದೇ ಜನರಿಗೆ ಹೆಚ್ಚು ಇಷ್ಟವಾಯಿತು. ಕಾರಣ ಏನೂ ಇಲ್ಲ, ಬರೀ ಪರಿಚಯ. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಗಣೇಶನ ಪೆಂಡಾಲಿನಲ್ಲಿ ಕಿವಿಗೆ ಬಿದ್ದೂ ಬಿದ್ದೂ ಒಂದು ಹಾಡು ನಮ್ಮದಾಗುವುದು ಹೀಗೆಯೇ.

ಆದರೆ ಇದರಲ್ಲೊಂದು ಗಂಟಿದೆ, ಅದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪರಿಚಯದಿಂದ ಇಷ್ಟ ಹುಟ್ಟುವುದು, ಮೊದಲು ಇಷ್ಟವೂ ಇಲ್ಲ ಕಷ್ಟವೂ ಇಲ್ಲ ಅನ್ನಿಸಿದ್ದಕ್ಕೆ. ಮೊದಲ ಸಲವೇ ಕಿರಿಕಿರಿ ಮಾಡಿದ್ದನ್ನು ಪದೇ ಪದೇ ಕೇಳಿದರೆ ಕಿರಿಕಿರಿ ಹೆಚ್ಚುತ್ತದೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ, ಸಪ್ಪೆ ಬೇರೆ, ಕಹಿ ಬೇರೆ. ಸಪ್ಪೆ ಸಾರಿಗೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಹಾಗಲಕಾಯಿ ಕಹಿ ಅನ್ನುವವರಿಗೆ ನಾಲ್ಕು ದಿನ ಅದನ್ನೇ ಬಡಿಸಿದರೆ ಐದನೇ ದಿನ ತಟ್ಟೆ ತಳ್ಳುತ್ತಾರೆ. ಆದ್ದರಿಂದ ನಿಮಗೆ ನನ್ನ ಮೊದಲ ಮರುಪ್ರಶ್ನೆ: ಆ ಆರು ಹಾಡು ಸಪ್ಪೆ ಅನ್ನಿಸಿದವೋ, ಕಹಿ ಅನ್ನಿಸಿದವೋ? 'ಮನಸ್ಸಿಗೆ ಇಳಿಯಲಿಲ್ಲ' ಅಂತ ನೀವು ಬರೆದಿದ್ದೀರಿ. ಅದು ಸಪ್ಪೆಯ ಮಾತು. ಹಾಗಿದ್ದರೆ ಆಸೆ ಇದೆ.

ಇನ್ನೊಂದು ವಿಷಯ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಅವರವರ ಮೆಚ್ಚಿನ ಸಂಗೀತವನ್ನೇ ಕೇಳಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಮೈ ಜುಂ ಅನ್ನುವ ಗಳಿಗೆಯಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಊಹಿಸಿದ್ದೇ. ಆದರೆ ಆ ಗಳಿಗೆ ಬರುವುದಕ್ಕೆ ಕೆಲವು ಸೆಕೆಂಡು ಮುಂಚೆಯೂ ಅದು ಬಿಡುಗಡೆಯಾಗುತ್ತದೆ, ಮಿದುಳಿನ ಬೇರೊಂದು ಭಾಗದಲ್ಲಿ. ಅಂದರೆ ಹಾಡಿನ ಸುಖದಲ್ಲಿ ಒಂದು ಪಾಲು 'ಈಗ ಬರುತ್ತೆ, ಈಗ ಬರುತ್ತೆ' ಅನ್ನುವ ಕಾಯುವಿಕೆಯದು. ಹಳೆಯ ಹಾಡಿನಲ್ಲಿ ಕೊಳಲು ಎಲ್ಲಿ ಬರುತ್ತದೆ, ಎಲ್ಲಿ ತಬಲಾ ನಿಂತು ದನಿ ಒಂಟಿಯಾಗುತ್ತದೆ ಅಂತ ನಿಮಗೆ ಗೊತ್ತು. ಹೊಸ ಹಾಡಿನಲ್ಲಿ ಏನು ಬರುತ್ತದೋ ಗೊತ್ತಿಲ್ಲದ ಮೇಲೆ ಕಾಯುವುದು ಯಾವುದನ್ನು? ಇನ್ನೂರು ಸಲ ಕೇಳಿದ ಹಾಡಿನ ಪಕ್ಕದಲ್ಲಿ ಒಂದು ಸಲ ಕೇಳಿದ ಹಾಡನ್ನು ಇಟ್ಟು ತೂಗುವುದು, ಇಪ್ಪತ್ತು ವರ್ಷ ಸಂಸಾರ ಮಾಡಿದವರ ಪಕ್ಕ ನಿನ್ನೆ ಬಸ್ಸಿನಲ್ಲಿ ಪರಿಚಯವಾದವರನ್ನು ಕೂರಿಸಿದ ಹಾಗೆ.

ಎ.ಆರ್. ರೆಹಮಾನ್ ಅವರ ಅಭಿಮಾನಿಗಳು ಇದಕ್ಕೊಂದು ಹೆಸರನ್ನೇ ಇಟ್ಟುಕೊಂಡಿದ್ದಾರೆ, ಸ್ಲೋ ಪಾಯ್ಸನ್. ಆಲ್ಬಂ ಬಂದ ವಾರ 'ಈ ಸಲ ಅಷ್ಟಕ್ಕಷ್ಟೆ' ಅಂದು, ಎರಡು ತಿಂಗಳು ಬಿಟ್ಟು ಅದನ್ನೇ ರಿಂಗ್‌ಟೋನ್ ಮಾಡಿಕೊಂಡವರು ನನ್ನ ಸ್ನೇಹಿತರಲ್ಲೇ ಮೂರು ಜನ ಇದ್ದಾರೆ. ಈ ಮಾತನ್ನು ಕೆಲವರು ಏನೇ ಬಂದರೂ ಗುರಾಣಿ ಮಾಡಿಕೊಳ್ಳುತ್ತಾರೆ ಅನ್ನುವುದೂ ನಿಜ. ಎಲ್ಲ ನಿಧಾನವೂ ವಿಷವಲ್ಲ, ಕೆಲವು ಬರೀ ನಿಧಾನ.

ನಿಮ್ಮ ವಯಸ್ಸಿನ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಹರೆಯದಲ್ಲಿ ಕೇಳಿದ ಹಾಡು ಎಲ್ಲರಿಗೂ ಗಟ್ಟಿಯಾಗಿ ಅಂಟುತ್ತದೆ. ಆ ಹಾಡಿನ ಜೊತೆ ಕಾಲೇಜು, ಸೈಕಲ್ಲು, ಯಾರದೋ ಜಡೆ ಎಲ್ಲ ಸೇರಿಕೊಂಡಿರುತ್ತದೆ. ಹೊಸ ಹಾಡು ಬರೀ ಹಾಡಾಗಿ ಬರುತ್ತದೆ, ಒಂಟಿಯಾಗಿ. ಹಾಗಾಗಿ ನಿಮ್ಮ ಕಿವಿಯದೂ ಸ್ವಲ್ಪ ತಪ್ಪಿದೆ. ಅದಕ್ಕೆ ಔಷಧಿ ಇಲ್ಲ.

ಇಷ್ಟು ಹೊತ್ತು ಕೇಳುಗನ ಕಡೆಯ ಕಥೆ ಆಯಿತು. ಕಲಾವಿದರು ನಿಜವಾಗಿಯೂ ಸೋಲುವುದಿಲ್ಲವೇ? ಖಂಡಿತ ಸೋಲುತ್ತಾರೆ. ಮತ್ತೆ ತೋಟಕ್ಕೇ ಬರುತ್ತೇನೆ.

ಮಾವು ಬೆಳೆಯುವವರಿಗೆ ಇದು ಗೊತ್ತು. ಬಾದಾಮಿ ಒಂದು ವರ್ಷ ಕೊಂಬೆ ಮುರಿಯುವಷ್ಟು ಬಿಡುತ್ತದೆ. ಮರುವರ್ಷ ಎಲೆಯೇ ಎಲೆ. ಮರಕ್ಕೆ ರೋಗವಿಲ್ಲ, ಮಣ್ಣು ಕೆಟ್ಟಿಲ್ಲ. ಕೂಡಿಟ್ಟಿದ್ದ ಸತ್ವವನ್ನೆಲ್ಲ ಹೋದ ವರ್ಷದ ಕಾಯಿಗೆ ಸುರಿದಿರುತ್ತದೆ. ಕಾಯಿ ಹೊತ್ತ ಕೊಂಬೆಯಲ್ಲಿ ಹೊಸ ಚಿಗುರು ಬಂದು ಬಲಿತು ಹೂವಿಗೆ ತಯಾರಾಗಲು ಸಮಯವೇ ಸಿಕ್ಕಿರುವುದಿಲ್ಲ. ಅಪ್ಪ ಅದನ್ನು 'ಬಿಡುವಿನ ವರ್ಷ' ಅನ್ನುತ್ತಿದ್ದರು.

ಹೊಸಬರೊಬ್ಬರ ಮೊದಲ ಆಲ್ಬಂ ನೋಡಿ. ಅದರಲ್ಲಿ ಹತ್ತು ವರ್ಷದ ಹಸಿವು ಇರುತ್ತದೆ. ಅವಕಾಶವಿಲ್ಲದ ದಿನಗಳಲ್ಲಿ ಹಾರ್ಮೋನಿಯಂ ಮುಂದೆ ಕೂತು ಹಾಕಿದ ರಾಗಗಳು, ಯಾರೋ ಬೇಡ ಅಂದ ಪಲ್ಲವಿಗಳು, ಎಲ್ಲದರಲ್ಲಿ ಆಯ್ದು ತೆಗೆದದ್ದು. ಅದು ಗೆಲ್ಲುತ್ತದೆ. ಎರಡನೆಯದಕ್ಕೆ ಸಿಗುವುದು ಒಂದು ವರ್ಷ. ಆ ವರ್ಷದಲ್ಲೂ ಸನ್ಮಾನ, ಟಿವಿ, ದುಬೈ ಕಾರ್ಯಕ್ರಮ. ಬುಟ್ಟಿಯಲ್ಲಿ ಇದ್ದದ್ದೆಲ್ಲ ಮೊದಲ ಸಲವೇ ಖಾಲಿ. ಬಿಡುವಿನ ವರ್ಷ ಬಿಡಬೇಕು ತಾನೇ? ಯಾರು ಬಿಡುತ್ತಾರೆ! ಮಾವಿನ ಮರದ ಬುಡಕ್ಕೆ ಪ್ಯಾಕ್ಲೊಬ್ಯುಟ್ರಜಾಲ್ ಅನ್ನುವ ಔಷಧಿ ಸುರಿಯುತ್ತಾರೆ. ಅದು ಚಿಗುರನ್ನು ತಡೆದು ಮರವನ್ನು ಹೂವಿಗೆ ನೂಕುತ್ತದೆ. ಹದ ತಪ್ಪಿ ಸುರಿದರೆ ಮರ ಕುಗ್ಗುತ್ತದೆ. ಕೈಗೆ ಅಡ್ವಾನ್ಸ್ ಕೊಟ್ಟು 'ಹೋದ ಸಲದ ಥರಾನೇ ಬೇಕು' ಅಂತ ಎದುರು ಕೂರುವ ನಿರ್ಮಾಪಕರನ್ನು ನೆನೆದಾಗ ನನಗೆ ಆ ಔಷಧಿಯ ಡಬ್ಬವೇ ನೆನಪಾಗುತ್ತದೆ.

ಎಲ್ಲರೂ ಬಾದಾಮಿಯಲ್ಲ ಅನ್ನಿ. ತೋತಾಪುರಿ, ನೀಲಂ ತಳಿಗಳು ಹೆಚ್ಚು ಕಡಿಮೆ ಪ್ರತಿ ವರ್ಷ ಬಿಡುತ್ತವೆ. ಇಳಯರಾಜಾ ಆ ಜಾತಿ. 1976ರಲ್ಲಿ ಶುರು ಮಾಡಿ ಸಾವಿರಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ಕೊಟ್ಟವರು. ಅಷ್ಟು ಕೊಟ್ಟವರಲ್ಲಿ ಸಪ್ಪೆಯೂ ಬೇಕಾದಷ್ಟು ಇರುತ್ತದೆ. ಆದರೆ ಮುಂದಿನ ತಿಂಗಳೇ ಇನ್ನೊಂದು ಬರುತ್ತಿದ್ದರಿಂದ ಯಾರೂ ಅದರ ಮುಂದೆ ಕೂತು ಅಳಲಿಲ್ಲ. ಮೂರು ವರ್ಷಕ್ಕೊಂದು ಆಲ್ಬಂ ಕೊಡುವವರ ಸೋಲು ಮಾತ್ರ ಮೂರು ವರ್ಷ ಕಣ್ಣಿಗೆ ಕಾಣುತ್ತಿರುತ್ತದೆ.

ಇದರ ಜೊತೆ ಒಂದು ಲೆಕ್ಕವೂ ಇದೆ. ಫ್ರಾನ್ಸಿಸ್ ಗಾಲ್ಟನ್ ಅನ್ನುವ ಇಂಗ್ಲಿಷ್ ವಿಜ್ಞಾನಿ 1886ರಲ್ಲಿ ಅಪ್ಪ ಅಮ್ಮಂದಿರ ಎತ್ತರವನ್ನೂ ಮಕ್ಕಳ ಎತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತುಂಬಾ ಎತ್ತರದವರ ಮಕ್ಕಳು ಎತ್ತರವೇ, ಆದರೆ ಸಾಮಾನ್ಯವಾಗಿ ಅಷ್ಟಿಲ್ಲ. ಯಾವುದೇ ಅಳತೆ ಒಂದು ಸಲ ತೀರಾ ಮೇಲೆ ಹೋದರೆ, ಮುಂದಿನ ಸಲ ಸರಾಸರಿಯ ಕಡೆ ಸ್ವಲ್ಪ ಇಳಿಯುವುದೇ ರೂಢಿ. ಇಲ್ಲಿ ನಮ್ಮ ಪಾಲಿಗೆ ಬರುವ ಮಾತೇನೆಂದರೆ, ನಾವು ಅಭಿಮಾನಿಗಳಾಗುವುದೇ ಭರ್ತಿ ಫಸಲು ನೋಡಿ. ಸಾಧಾರಣ ಆಲ್ಬಂ ಕೇಳಿ ಯಾರೂ ಅಭಿಮಾನಿ ಆಗುವುದಿಲ್ಲ, ಅಲ್ವಾ? ಹಾಗಿದ್ದ ಮೇಲೆ ಮುಂದಿನದು ಅದಕ್ಕಿಂತ ಸ್ವಲ್ಪ ಕೆಳಗೆ ಬರುವ ಸಂಭವವೇ ಜಾಸ್ತಿ. ಕಲಾವಿದರು ಇದ್ದ ಹಾಗೇ ಇದ್ದರೂ ನಮಗೆ ಜಾರಿದ ಹಾಗೆ ಕಾಣುತ್ತದೆ.

ಸಿನಿಮಾ ಆಲ್ಬಂ ಆದರೆ ಇನ್ನೂ ಒಂದು ಸಂಗತಿ ನೆನಪಿಡಬೇಕು. ಅಲ್ಲಿ ಸಂಗೀತ ನಿರ್ದೇಶಕರು ಒಡೆಯರಲ್ಲ. ಭಾವಗೀತೆಯಲ್ಲಿ ಕವಿತೆ ಮೊದಲು, ರಾಗ ಆಮೇಲೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ ಆಗಿ ಬಂತು. ಅಲ್ಲಿ ಹಿಡಿದು ನಡೆಯಲು ಒಂದು ಗಟ್ಟಿ ಪದ್ಯ ಇತ್ತು, ಪದ್ಯ ಕರೆದ ಕಡೆ ರಾಗ ಹೋಯಿತು. ಸಿನಿಮಾದಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು. ನಿರ್ದೇಶಕರು ಸಿಚುವೇಷನ್ ಹೇಳುತ್ತಾರೆ, ಸಂಗೀತ ನಿರ್ದೇಶಕರು ಅರ್ಥವಿಲ್ಲದ ಡಮ್ಮಿ ಪದಗಳಲ್ಲಿ ಟ್ಯೂನ್ ಹಾಡಿ ತೋರಿಸುತ್ತಾರೆ, ಸಾಹಿತಿ ಅದರ ಅಳತೆಗೆ ಮಾತು ಹೊಲಿಯುತ್ತಾರೆ. ಹತ್ತು ಟ್ಯೂನಿನಲ್ಲಿ ಯಾವುದು ಉಳಿಯಬೇಕು ಅಂತ ಹೇಳುವವರು ಬೇರೆ. ಹೀರೋ ಎಂಟ್ರಿಗೆ ಒಂದು, ಕುಣಿಯಲು ಒಂದು, ಅಳಲು ಒಂದು ಅಂತ ಪಟ್ಟಿ ಮೊದಲೇ ಸಿದ್ಧ. ನಿಮ್ಮ ನೆಚ್ಚಿನವರ ಒಳ್ಳೆಯ ಟ್ಯೂನು ಯಾವುದೋ ಕಂಪ್ಯೂಟರಿನಲ್ಲಿ ಬೇಡವಾಗಿ ಕೂತಿರಲೂಬಹುದು.

ಗೆದ್ದವರಿಗಂತೂ ಗೆಲುವೇ ಸಂಕೋಲೆ. 2006ರ ಕೊನೆಯಲ್ಲಿ 'ಮುಂಗಾರು ಮಳೆ' ಬಂತು. ಮನೋಮೂರ್ತಿಯವರ ಆ ಹಾಡುಗಳು ಸ್ವರ್ಣ ಪ್ಯಾಸೆಂಜರ್ ರೈಲಿನ ಬೋಗಿಗಳಲ್ಲಿ ಬೆಳಿಗ್ಗೆಯೂ ಸಂಜೆಯೂ ಮೊಬೈಲಿಂದ ಮೊಬೈಲಿಗೆ ಹರಿದಾಡುತ್ತಿದ್ದವು. ಬೆಂಗಳೂರಿಗೆ ದಿನಾ ಓಡಾಡುವ ಕೆಜಿಎಫ್, ಬಂಗಾರಪೇಟೆಯ ಸಾವಿರಾರು ಜನರ ರೈಲು ಅದು. ಆಮೇಲೆ ಕೆಲವು ವರ್ಷ ಗಾಂಧಿನಗರದಲ್ಲಿ ಮಳೆ ನಿಲ್ಲಲೇ ಇಲ್ಲ. ಎಲ್ಲರಿಗೂ ಅದೇ ಥರದ ಮೆಲೊಡಿ ಬೇಕು, ಅದೇ ಮೆಲುದನಿ ಬೇಕು. ಹತ್ತನೇ ಸಲ ಅದೇ ಬಂದಾಗ 'ಹೊಸದೇನೂ ಇಲ್ಲ' ಅಂತ ಬೈದವರೂ ನಾವೇ.

ಹೊಸದೇನಾದರೂ ಮಾಡಿದರೆ? ಆಗಲೂ ಬೈಯುತ್ತೇವೆ. ಕೆನಡಾದ ಗಾಯಕ ನೀಲ್ ಯಂಗ್ ಅವರ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಗಿಟಾರ್ ಹಿಡಿದು ಹಾಡುತ್ತಿದ್ದ ಮನುಷ್ಯ 1982ರ ಕೊನೆಗೆ ದನಿಯನ್ನು ಯಂತ್ರದಲ್ಲಿ ಹಾಯಿಸಿ, ರೋಬೋಟಿನ ಹಾಗೆ ಹಾಡಿದ ಆಲ್ಬಂ ಕೊಟ್ಟರು. ಮರುವರ್ಷ ಐವತ್ತರ ದಶಕದ ಶೈಲಿಯ ಇನ್ನೊಂದು. ಅವರ ಕಂಪನಿಗೆ ತಲೆ ಕೆಟ್ಟಿತು. 'ಇವು ನೀಲ್ ಯಂಗ್ ಹಾಡುಗಳ ಹಾಗೆ ಇಲ್ಲ' ಅಂತ ಕಂಪನಿಯೇ ಗಾಯಕರ ಮೇಲೆ ಕೋರ್ಟಿಗೆ ಹೋಯಿತು! ನಿರಾಸೆಯಾದ ಅಭಿಮಾನಿ ಹಾಕಬೇಕಾದ ಕೇಸನ್ನು ಕಂಪನಿ ಹಾಕಿತು ಅನ್ನಿ. ಆಮೇಲೆ ರಾಜಿಯಾಯಿತು. ಆ ಯಂತ್ರದ ದನಿಯ ಹಿಂದೆ ಏನಿತ್ತು ಅನ್ನುವುದನ್ನು ಯಂಗ್ ನಂತರ ಹೇಳಿದರು. ಅವರ ಮಗನಿಗೆ ಸೆರೆಬ್ರಲ್ ಪಾಲ್ಸಿ, ಮಾತು ಬರುತ್ತಿರಲಿಲ್ಲ. ಅವನ ಜೊತೆ ಮಾತಾಡಲು ತಾವು ಪಟ್ಟ ಪಾಡೇ ಆ ಹಾಡುಗಳಾಗಿದ್ದವು. ಮಾತು ಅರ್ಥವಾಗದ ದನಿ ಅದಕ್ಕೇ. ಇದನ್ನು ತಿಳಿದ ಮೇಲೆ ನಾನು ಆ ಆಲ್ಬಂ ಮತ್ತೆ ಕೇಳಿದೆ. ಕಣ್ಣು ಒದ್ದೆಯಾಯಿತು. ಹಾಡು ಮಾತ್ರ ಈಗಲೂ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಎರಡೂ ಒಟ್ಟಿಗೇ ಆಗಬಹುದು.

ಮೊದಲು ಬೈಸಿಕೊಂಡು ಆಮೇಲೆ ತಲೆ ಮೇಲೆ ಕೂತ ಆಲ್ಬಂಗಳೂ ಇವೆ. ಅಮೆರಿಕದ ವೀಝರ್ ತಂಡದ 'ಪಿಂಕರ್ಟನ್' 1996ರಲ್ಲಿ ಬಂದಾಗ, ಅಲ್ಲಿನ ದೊಡ್ಡ ಸಂಗೀತ ಪತ್ರಿಕೆಯೊಂದರ ಓದುಗರು ಅದನ್ನು ಆ ವರ್ಷದ ತೀರಾ ಕೆಟ್ಟ ಆಲ್ಬಂಗಳ ಸಾಲಿಗೆ ಸೇರಿಸಿದರು. ಕೆಲವೇ ವರ್ಷಗಳಲ್ಲಿ ಅದೇ ಪತ್ರಿಕೆಯ ಓದುಗರು ಅದನ್ನು ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳ ಪಟ್ಟಿಗೆ ಏರಿಸಿದರು. ಆದರೆ ಇಂಥ ಕಥೆಗಳನ್ನು ಹೇಳಿ ನಿಮ್ಮ ಬಾಯಿ ಮುಚ್ಚಿಸುವುದು ನನಗೆ ಇಷ್ಟವಿಲ್ಲ. ಬೈಸಿಕೊಂಡ ಆಲ್ಬಂಗಳಲ್ಲಿ ಬಹುಪಾಲು ಯಾವ ಪಟ್ಟಿಗೂ ಏರದೆ ಸುಮ್ನೆ ಮರೆತುಹೋಗಿವೆ.

ಕೆಲವು ಸಲ ತಪ್ಪು ಹಾಡಿನದೂ ಅಲ್ಲ, ಶಬ್ದದ್ದು. ಮೆಟಾಲಿಕಾ ತಂಡದ 2008ರ ಆಲ್ಬಂ ಕೇಳಿದವರಿಗೆ ಕಿವಿ ನೋವು ಬಂತು. ಮೆಲ್ಲಗಿನದನ್ನೂ ಜೋರಾದದ್ದನ್ನೂ ಒಂದೇ ಮಟ್ಟಕ್ಕೆ ಎತ್ತಿ ತುರುಕಿದ್ದರು. ಅದೇ ಹಾಡುಗಳು ಒಂದು ವಿಡಿಯೋ ಗೇಮಿನಲ್ಲಿ ಅಷ್ಟು ತುರುಕದೆ ಬಂದಿದ್ದವು, ಅಲ್ಲಿ ಚೆನ್ನಾಗಿ ಕೇಳುತ್ತಿದ್ದವು. ಮತ್ತೆ ಮಿಕ್ಸ್ ಮಾಡಿ ಕೊಡಿ ಅಂತ ಸಾವಿರಾರು ಅಭಿಮಾನಿಗಳು ಸಹಿ ಹಾಕಿದರು. ಮೂರು ಹಾಡು ಮುಗಿಯುವುದರೊಳಗೆ ತಲೆ ಭಾರವಾಗುತ್ತಿದ್ದರೆ ನಿಮ್ಮ ಅಭಿರುಚಿಯನ್ನು ಅನುಮಾನಿಸಬೇಡಿ, ಮಿಕ್ಸಿಂಗನ್ನು ಅನುಮಾನಿಸಿ. ಊರಹಬ್ಬದ ಆರ್ಕೆಸ್ಟ್ರಾದಲ್ಲಿ ಎಲ್ಲ ಮೈಕೂ ಒಂದೇ ಎತ್ತರಕ್ಕೆ ಇಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಈಗ ಕೇಳುವ ರೀತಿಗೆ ಬನ್ನಿ. ನನ್ನ ಕ್ಯಾಸೆಟ್ಟಿಗೆ ಸಿಕ್ಕ ಅದೃಷ್ಟ ಇವತ್ತಿನ ಯಾವ ಆಲ್ಬಮ್ಮಿಗೂ ಸಿಗುವುದಿಲ್ಲ. ಸ್ಪಾಟಿಫೈನಲ್ಲಿ 30 ಸೆಕೆಂಡು ದಾಟಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. ಅಷ್ಟರೊಳಗೆ ಹಿಡಿಯದಿದ್ದರೆ ನಮ್ಮ ಹೆಬ್ಬೆರಳು ಮುಂದಿನದಕ್ಕೆ ಹೋಗಿರುತ್ತದೆ. ಹಾಡು ಮಾಡುವವರಿಗೂ ಇದು ಗೊತ್ತು. ಹಾಗಾಗಿ ಮುಂಚೆ ನಿಧಾನವಾಗಿ ಬಾಗಿಲು ತೆರೆಯುತ್ತಿದ್ದ ಆರಂಭದ ವಾದ್ಯಸಂಗೀತ ಈಗ ಮೊಟಕಾಗಿದೆ, ಪಲ್ಲವಿ ಬಾಗಿಲಲ್ಲೇ ನಿಂತು ಕೂಗುತ್ತದೆ. ಆಲ್ಬಂ ಕೂಡ ಒಟ್ಟಿಗೆ ಬರುವುದಿಲ್ಲ. ಎರಡು ವಾರಕ್ಕೊಂದು ಲಿರಿಕಲ್ ವಿಡಿಯೋ. ಅದರಲ್ಲಿ ಚೆನ್ನಾಗಿದ್ದದ್ದು ಮೊದಲೇ ಬಂದು ಹೋಗಿರುತ್ತದೆ, ಆಲ್ಬಂ ಬರುವ ದಿನಕ್ಕೆ ಉಳಿದದ್ದು ಉಳಿಕೆ. ನೀವು ಕಾದು ಕೂತ ರಾತ್ರಿ ನಿಮ್ಮ ಕಿವಿಗೆ ಬಿದ್ದ ಆರರಲ್ಲಿ ಹೊಸವು ಎಷ್ಟು?

ನಾನು ಮಾಡುವುದನ್ನು ಹೇಳುತ್ತೇನೆ. ಬಂದ ರಾತ್ರಿ ಕೇಳುವುದೇ ಇಲ್ಲ. ನಿರೀಕ್ಷೆ ಜ್ವರದ ಹಾಗೆ, ಬಾಯಿ ರುಚಿ ಕೆಡಿಸುತ್ತದೆ. ಎರಡು ಮೂರು ದಿನ ಬಿಟ್ಟು, ಕೈಗೆ ಬೇರೆ ಕೆಲಸ ಇರುವಾಗ ಹಾಕುತ್ತೇನೆ. ಅವರೆಕಾಯಿ ಸುಲಿಯುವಾಗ ಕೇಳಿದ ಹಾಡು ನನಗೆ ಬೇಗ ಹತ್ತುತ್ತದೆ. ಕೈಯಲ್ಲಿ ಸಿಪ್ಪೆಯ ಜಿಡ್ಡು ಇರುವುದರಿಂದ ಫೋನ್ ಮುಟ್ಟಿ ಮುಂದಕ್ಕೆ ತಳ್ಳಲೂ ಆಗುವುದಿಲ್ಲ! ಆ ವಾರ ಅದೇ ಕಲಾವಿದರ ಹಳೆಯ ಹಾಡು ಹಾಕುವುದಿಲ್ಲ, ಹೋಲಿಕೆ ಶುರುವಾದರೆ ಹೊಸದಕ್ಕೆ ಉಳಿಗಾಲವಿಲ್ಲ. ನಾಲ್ಕೈದು ದಿನದ ಅಂತರ ಕೊಟ್ಟು ಮೂರು ಅಥವಾ ನಾಲ್ಕು ಸಲ, ಪೂರ್ತಿ. ಆಮೇಲೆ ಹಾಕುವುದನ್ನು ನಿಲ್ಲಿಸಿ ಸುಮ್ಮನಿರುತ್ತೇನೆ. ಗಡ್ಡ ಕೆರೆಯುವಾಗ, ಬಸ್ಸಿಗೆ ನಿಂತಾಗ ತಾನಾಗೇ ಏನಾದರೂ ಬಾಯಿಗೆ ಬಂದರೆ ಆಲ್ಬಂ ಉಳಿಯಿತು. ಒಂದು ಸಾಲು, ಒಂದು ವಾದ್ಯದ ತುಣುಕು ಬಂದರೂ ಸಾಕು. ಹತ್ತು ದಿನವಾದರೂ ಏನೂ ಬರದಿದ್ದರೆ ಫೋನಿಂದ ತೆಗೆದುಹಾಕುತ್ತೇನೆ. ಪಾಪಪ್ರಜ್ಞೆ ಏನೂ ಇಲ್ಲ. ಕಹಿ ಅನ್ನಿಸಿದ್ದನ್ನು ಎರಡನೇ ಸಲಕ್ಕೇ ಬಿಡುತ್ತೇನೆ.

ಪರಿಚಯ ಎಲ್ಲವನ್ನೂ ಗೆಲ್ಲಿಸುವುದಿಲ್ಲ ಅನ್ನುವುದಕ್ಕೂ ತೋಟದಲ್ಲೇ ಸಾಕ್ಷಿ ಸಿಕ್ಕಿತ್ತು. 1995ರಲ್ಲಿ ಅದೇ ಸಂಗೀತ ನಿರ್ದೇಶಕರ ಮುಂದಿನ ಕ್ಯಾಸೆಟ್ ತಂದೆ. ಅವರ ಹೆಸರು ಹೇಳುವುದಿಲ್ಲ, ಅಭಿಮಾನಿಗಳು ಈಗಲೂ ಇದ್ದಾರೆ, ನಾನೂ ಒಬ್ಬ. ಹೋದ ಸಲ ಹೀಗೇ ಅನ್ನಿಸಿತ್ತಲ್ಲ, ಇದೂ ಹತ್ತುತ್ತದೆ ಅಂತ ಶ್ರದ್ಧೆಯಿಂದ ಹಾಕಿದೆ. ಬಾದಾಮಿಗೂ ಅದು ಬಿಡುವಿನ ವರ್ಷ, ಕಾಯಲು ಕಾಯಿಯೇ ಕಡಿಮೆ. ರಾತ್ರಿಯೆಲ್ಲ ಕ್ಯಾಸೆಟ್ಟೇ. ಎಂಟನೇ ದಿನವೋ ಒಂಬತ್ತನೇ ದಿನವೋ, ಎ ಸೈಡಿನ ಎರಡನೇ ಹಾಡು ಶುರುವಾಗುತ್ತಿದ್ದ ಹಾಗೆ, ಕಂಬಳಿ ಹೊದ್ದು ಮಲಗಿದ್ದ ತಾತ ತಲೆ ಎತ್ತಿದರು. ಯಾವತ್ತೂ ಹಾಡಿನ ಬಗ್ಗೆ ಮಾತಾಡಿದವರಲ್ಲ. "ಅಬ್ಬಾಯಾ, ಇದಿ ವದ್ದು. ಪಾತದಿ ಪೆಟ್ಟು" ಅಂದರು. ಇದು ಬೇಡ, ಹಳೇದು ಹಾಕು ಅಂತ. ಹಳೇದು ಹಾಕಿದೆ. ಬಿ ಸೈಡಿನ ಮೂರನೆಯದು ಬಂದಾಗ ಕಂಬಳಿಯ ಒಳಗಿಂದ ಗುನುಗು ಕೇಳಿಸಿತು.

ತಾತನಿಗೆ ಆ ಚಿತ್ರ ಯಾವುದು, ಸಂಗೀತ ಯಾರದು, ಹಿಂದಿನದು ಎಷ್ಟು ಹಿಟ್ಟು, ಒಂದೂ ಗೊತ್ತಿರಲಿಲ್ಲ. ಅವರು ಯಾರಿಗೂ ಕಾದಿರಲೂ ಇಲ್ಲ. ಎರಡು ಕ್ಯಾಸೆಟ್ಟಿಗೂ ಸರಿಸಮ ಕಿವಿ ಕೊಟ್ಟವರು ಆ ತೋಟದಲ್ಲಿ ಅವರೊಬ್ಬರೇ. ನಾನು ಆ ಎರಡನೇ ಕ್ಯಾಸೆಟ್ಟಿನ ಪರವಾಗಿ ಇನ್ನೂ ಒಂದು ವರ್ಷ ವಾದ ಮಾಡಿಕೊಂಡು ಓಡಾಡಿದೆ, ಕೇಳದೆ.

ಪತ್ರದಲ್ಲಿ ನೀವು ಹೆಸರಿಸಿದ್ದ, ನಾನು ಇಲ್ಲಿ ಹೆಸರು ಬಿಟ್ಟಿರುವ ಆಲ್ಬಮ್ಮನ್ನು ಉತ್ತರ ಬರೆಯುವ ಮುಂಚೆ ನಾನೂ ಮೂರು ಸಲ ಕೇಳಿದೆ. ಮೊದಲ ಸಲ ನನಗೂ ಸಪ್ಪೆಯೇ. ನಿನ್ನೆ ಮಾರ್ಕೆಟ್ ಹತ್ತಿರ ಟೊಮೆಟೊ ಲಾರಿಗಳ ಹಿಂದೆ ಸ್ಕೂಟರ್ ಸಿಕ್ಕಿಕೊಂಡು ನಿಂತಿದ್ದಾಗ, ನಾಲ್ಕನೇ ಹಾಡಿನ ಎರಡನೇ ಚರಣಕ್ಕೆ ಮುಂಚೆ ಬರುವ ಪಿಟೀಲು ತಾನಾಗೇ ತಲೆಗೆ ಬಂತು. ಉಳಿದ ಐದರಲ್ಲಿ ಇನ್ನೂ ಏನೂ ಬಂದಿಲ್ಲ. ಭಾನುವಾರ ಅವರೆಕಾಯಿ ತರುತ್ತೇನೆ, ಆಗ ಇನ್ನೊಂದು ಸಲ ಹಾಕಿ ನೋಡುತ್ತೇನೆ.